ರಾಜನ ಎದುರು ಮಂತ್ರಿ

ಅಳತೆಯ ಗೇಜುಗಳನ್ನು ಪರೀಕ್ಷೆಗೆ ಕೊಟ್ಟು ಬರಲು ಕಳೆದ ವಾರ ಪೀಣ್ಯ ಎರಡನೇ ಹಂತಕ್ಕೆ ಹೋಗಿದ್ದೆ. ಹೊರಡುವಾಗ ಬಿಸಿಲಿತ್ತು ಅಂತ ಛತ್ರಿ ಆಫೀಸಿನಲ್ಲೇ ಬಿಟ್ಟಿದ್ದೆ, ನನ್ನ ಬುದ್ಧಿಗಿಷ್ಟು. ಅರ್ಧ ದಾರಿಯಲ್ಲಿ ಮಳೆ ಹಿಡಿದುಕೊಂಡಿತು. ಯಾವುದೋ ಶೆಡ್ಡಿನ ತಗಡಿನ ಕೆಳಗೆ ನಿಂತೆ. ಒಳಗೆ ಲೇತ್ ಓಡುತ್ತಿತ್ತು. ಯಂತ್ರ ಕಾಯದಂತೆ ಸುರಿಸುವ ಕೂಲಂಟಿನ ಹುಳಿ ವಾಸನೆ, ಕಾದ ತಗಡಿಗೆ ಮಳೆ ಬಿದ್ದ ವಾಸನೆ, ಎರಡೂ ಸೇರಿ ಮೂಗಿಗೆ ಬಡಿದವು. ಬೇರೆಯವರಾಗಿದ್ದರೆ ಕರವಸ್ತ್ರ ತೆಗೆಯುತ್ತಿದ್ದರು. ನಾನು ಇನ್ನೊಂದು ಸಲ ಜೋರಾಗಿ ಉಸಿರೆಳೆದುಕೊಂಡೆ. ಸಂಗಪ್ಪಣ್ಣನ ಜೊತೆ ಚೆಸ್ ಆಡಿದ ಆ ಒಂದು ಮಳೆಗಾಲ ಪೂರ್ತಿ ಹೀಗೇ ವಾಸನೆ ಹೊಡೆಯುತ್ತಿತ್ತು.

ಆಗ ನಾನು ಅಲ್ಲೇ ಎರಡು ರಸ್ತೆ ಆಚೆ, ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ಬಾಗಲಗುಂಟೆಯಿಂದ ಬೆಳಗ್ಗೆ ಬಸ್ಸಿನಲ್ಲಿ ಜೋತಾಡಿಕೊಂಡು ಬರುವುದು, ಸಂಜೆಯವರೆಗೆ ತೂತುಗಳ ಅಳತೆ ನೋಡುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎತ್ತಿಡುತ್ತಿದ್ದೆ. ಅದಕ್ಕೇ ಆಪರೇಟರುಗಳು ನನಗೆ ಕೆಂಪಮ್ಮ ಅಂತ ಹೆಸರಿಟ್ಟಿದ್ದರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಅದಕ್ಕೆ ಧೈರ್ಯ ಬೇಕಲ್ಲ.

ಒಳಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಗೇಟಿನ ಕಾವಲು ಕೋಣೆಯ ಗೂಡುಪೆಟ್ಟಿಗೆಯಲ್ಲಿ ಇಟ್ಟು ಟೋಕನ್ ತಗೋಬೇಕು. ಊಟದ ಹೊತ್ತಿನಲ್ಲಿ ಅಲ್ಲೇ ನಿಂತು ನೋಡಬಹುದು. ಎಲ್ಲರೂ ಮನೆಗೆ ಫೋನ್ ಮಾಡಿದರೆ, ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಮೊಸರನ್ನ ತಿನ್ನುತ್ತ ಫೋನಿನಲ್ಲಿ ಚೆಸ್ ಆಡುತ್ತಿದ್ದೆ. ಒಂದು ದಿನ ಭುಜದ ಹಿಂದಿನಿಂದ ದನಿ ಕೇಳಿತು.

"ಅಕ್ಕಾರ, ಅದು ಚದುರಂಗ ಏನ್ರಿ?"

ಗೇಟ್ ಕಾಯುವ ಸಂಗಪ್ಪಣ್ಣ. ಬಾಗಲಕೋಟೆ ಕಡೆಯವನು, ನಲವತ್ತೈದರ ಆಸುಪಾಸು, ಪೊದೆ ಮೀಸೆ. ಅಲ್ಲಿಯವರೆಗೆ ಅವನಿಗೂ ನನಗೂ ಟೋಕನ್ನಿನಷ್ಟೇ ಮಾತು.

"ಹೂಂ, ಚೆಸ್ಸು. ಬರುತ್ತಾ ನಿಮ್ಗೆ?"

"ಬರ್ತೈತೇನ್ರಿ ಅಂದ್ರ! ನಮ್ಮೂರ ಕಟ್ಟಿ ಮ್ಯಾಲ ನನ್ನ ಸೋಲಸಾಂವ ಒಬ್ಬಾಂವನೂ ಇರಲಿಲ್ರಿ."

ಬಡಾಯಿ ಅಂದುಕೊಂಡೆ. ಅವನು ಮೇಜಿನ ಕೆಳಗೆ ಕೈಹಾಕಿ ಒಂದು ಹಲಗೆ ಎಳೆದ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗೆ ಮನೆಗಳನ್ನು ಬರೆದು ಬಣ್ಣ ಹಚ್ಚಿದ್ದು. ಕಾಯಿಗಳು ಮರದವು, ಊರಿನ ಬಡಿಗ ಮಾಡಿಕೊಟ್ಟಿದ್ದಂತೆ. ಕಳೆದುಹೋದ ಎರಡು ಕಾಲಾಳುಗಳ ಜಾಗದಲ್ಲಿ ಕಬ್ಬಿಣದ ನಟ್ಟುಗಳಿದ್ದವು.

"ಪೀಣ್ಯಾಕ್ಕ ಬಂದು ಹನ್ನೆರಡು ವರ್ಷ ಆತ್ರಿ. ಒಬ್ರೂ ಎದುರಿಗೆ ಕುಂತಿಲ್ಲ. ಈ ಕಡಿ ನಾನೇ ಆಡ್ತೀನಿ, ಎದ್ದು ಹೋಗಿ ಆ ಕಡಿ ಕುಂತು ಮತ್ತ ನಾನೇ ಆಡ್ತೀನಿ."

"ಯಾರು ಗೆಲ್ತಾರೆ?"

"ಅಷ್ಟರಾಗ ಗೇಟಿಗೆ ಲಾರಿ ಬರ್ತೈತ್ರಿ. ಆಟ ಮುಗಿಯೂದಿಲ್ಲ."

ನಗು ಬಂತು, ಪಾಪ ಅಂತಲೂ ಅನ್ನಿಸಿತು. ಡಬ್ಬಿ ಮುಚ್ಚಿಟ್ಟು ಎದುರಿಗೆ ಕೂತೆ.

ಕೂತ ಮೊದಲ ನಿಮಿಷಕ್ಕೇ ಜಗಳ. ನನ್ನ ರಾಜನ ಎದುರಿಗೆ ಅವನು ತನ್ನ ರಾಜನನ್ನು ಇಡಬೇಕಿತ್ತು. ಮಂತ್ರಿಯನ್ನು ಇಟ್ಟಿದ್ದ. ಫೋನಿನ ಆಟದಲ್ಲಿ ರಾಣಿ ಅನ್ನುವುದನ್ನೇ ಅವನು ಮಂತ್ರಿ ಅನ್ನುತ್ತಿದ್ದುದು, ನನಗೂ ಆಮೇಲೆ ಅದೇ ಬಾಯಿಗೆ ಹತ್ತಿತು.

"ತಪ್ಪು ಇಟ್ಟಿದ್ದೀರ ಸಂಗಪ್ಪಣ್ಣ. ರಾಜನ ಮುಂದೆ ರಾಜ ಬರ್ಬೇಕು."

"ಛೇ ಛೇ, ರಾಜ ರಾಜ ಎದುರಾಬದುರಾ ನಿಂದರಬಾರದ್ರಿ. ರಾಜನ ಎದುರಿಗೆ ಮಂತ್ರಿ, ಮಂತ್ರಿ ಎದುರಿಗೆ ರಾಜ."

"ಇದ್ಯಾವ ಸೀಮೆ ಚೆಸ್ಸು?"

"ನಮ್ಮಪ್ಪ ಕಲಿಸಿದ್ದು ಹಿಂಗರಿ."

ಅವನ ಅಪ್ಪನ ಆಟದಲ್ಲಿ ಇನ್ನೂ ಇದ್ದವು. ಕಾಲಾಳು ಶುರುವಿನಲ್ಲೂ ಒಂದೇ ಮನೆ ಸರಿಯಬೇಕು. ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಆದರೆ ಅದಕ್ಕೆ ಮೊದಲು ಅವನಿಗೆ ಒಂದು ಚೆಕ್ ಬಿದ್ದರೂ ಮುಗಿಯಿತು, ಹಾರುವ ಹಕ್ಕು ಹೋಯಿತು. ಇಬ್ಬರೂ ಹಠಮಾರಿಗಳು. ಕೊನೆಗೆ ಒಂದು ದಿನ ನನ್ನ ಕಾನೂನು, ಒಂದು ದಿನ ಅವನದು ಅಂತ ರಾಜಿಯಾಯಿತು.

ಆ ವರ್ಷ ಮಳೆ ಜೂನಿನಲ್ಲಿ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ರಸ್ತೆಯ ಮೋರಿ ಕಟ್ಟಿಕೊಂಡು ಗೇಟಿನ ಮುಂದೆ ಮೊಣಕಾಲುದ್ದ ನೀರು. ಲಾರಿಗಳು ಬುಸುಗುಟ್ಟುತ್ತ ಬಂದು ಕಾವಲು ಕೋಣೆಯ ಕಿಟಕಿಗೆ ಕೆಸರು ಎರಚಿ ಹೋಗುತ್ತಿದ್ದವು. ಕೋಣೆ ಮೂರು ಕಡೆ ಸೋರುತ್ತಿತ್ತು. ಸೋರದ ಒಂದೇ ಒಂದು ಮೂಲೆಯಲ್ಲಿ ಹಲಗೆ ಇಟ್ಟು, ನಾವಿಬ್ಬರೂ ಹೆಗಲು ನೆನೆಸಿಕೊಂಡು ಆಡುತ್ತಿದ್ದೆವು. ಅರ್ಧ ಗಂಟೆಯ ಊಟದ ಬಿಡುವು, ಆಟ ಮುಗಿಯದಿದ್ದರೆ ಹಲಗೆಗೆ ಪ್ಲಾಸ್ಟಿಕ್ ಹೊದಿಸಿ ಮಾರನೇ ದಿನಕ್ಕೆ. ಕಾಯಿ ಅಲುಗಿದೆಯೇ ಅಂತ ಬೆಳಗ್ಗೆ ಟೋಕನ್ ತಗೊಳ್ಳುವಾಗಲೇ ಇಣುಕಿ ನೋಡುತ್ತಿದ್ದೆ. ಅನುಮಾನ ನನ್ನ ಹುಟ್ಟುಗುಣ.

ಅವನ ಆಟ ನೋಡಿದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಮೂರನೇ ನಡೆಗೋ ನಾಲ್ಕನೇ ನಡೆಗೋ ಮಂತ್ರಿ ಆಚೆ ಬಂದುಬಿಡಬೇಕು.

"ಮಂತ್ರಿನ ಇಷ್ಟು ಬೇಗ ಬೀದಿಗೆ ಬಿಡಬಾರದು ಕಣ್ರೀ! ಎಲ್ರೂ ಸೇರ್ಕೊಂಡು ಅಟ್ಟಾಡಿಸ್ತಾರೆ."

"ಅಟ್ಟಾಡಸ್ಲಿ ಬಿಡ್ರಿ. ಮನ್ಯಾಗ ಕುಂತ ಮಂತ್ರಿ ಯಾ ಊರು ಕಾಯ್ತಾನ?"

ಆಚೆ ಬಂದ ಮೇಲಾದರೂ ಹುಷಾರಾಗಿ ಇಟ್ಟುಕೊಳ್ಳುವುದು ಬೇಡವೇ? ಯಾವುದೋ ಕುದುರೆಗೋ ಒಂಟೆಗೋ ಬದಲಾಗಿ ಮಂತ್ರಿಯನ್ನೇ ಕೊಟ್ಟುಬಿಡುತ್ತಿದ್ದ. ಬಹಳ ಸಲ ಅದರಿಂದಲೇ ಸೋಲುತ್ತಿದ್ದ. ಕೆಲವು ಸಲ ಮಾತ್ರ, ನಾನು ಮಂತ್ರಿಯನ್ನು ಹೊಡೆದು ಗೆದ್ದೆ ಅಂತ ಬೀಗುತ್ತಿರುವಾಗ, ಎರಡು ಕುದುರೆ ಒಂದು ಆನೆ ಇಟ್ಟುಕೊಂಡು ನನ್ನ ರಾಜನನ್ನು ಮೂಲೆಗೆ ತಳ್ಳಿ ಮುಗಿಸುತ್ತಿದ್ದ. ಆ ದಿನ ಮಧ್ಯಾಹ್ನ ನನ್ನ ಕೈಗೆ ಸಿಕ್ಕಿದ ಪಂಪಿನ ಭಾಗಗಳಿಗೆಲ್ಲ ಗ್ರಹಚಾರ.

ಶ್ರಾವಣ ಬರುವ ಹೊತ್ತಿಗೆ ನೋಟಿಸ್ ಬೋರ್ಡಿಗೆ ಒಂದು ಕಾಗದ ಬಂತು. ಕೈಗಾರಿಕಾ ಸಂಘದವರು ಒಬ್ಬ ಗ್ರ್ಯಾಂಡ್‌ಮಾಸ್ಟರನ್ನು ಕರೆಸುತ್ತಿದ್ದಾರೆ. ಇಪ್ಪತ್ತು ಕಾರ್ಖಾನೆಗಳಿಂದ ಒಬ್ಬೊಬ್ಬರು, ಒಟ್ಟು ಇಪ್ಪತ್ತು ಜನರ ಜೊತೆ ಅವರು ಏಕಕಾಲಕ್ಕೆ ಆಡುತ್ತಾರೆ. ಬೋರ್ಡು, ಕಾಯಿ ಅವರವರೇ ತರಬೇಕು. ಸಂಗಪ್ಪಣ್ಣ ಆ ಕಾಗದವನ್ನು ಎಷ್ಟು ಸಲ ಓದಿದನೋ. ಮೂರನೇ ದಿನ ಟೋಕನ್ ಕೊಡುತ್ತ, ನನ್ನ ಮುಖ ನೋಡದೆ ಕೇಳಿದ.

"ಅಕ್ಕಾರ, ಎಚ್ಚಾರ್ ಸಾಹೇಬ್ರನ್ನ ಒಂದ್ ಮಾತು ಕೇಳ್ತೀರೇನ್ರಿ? ನನ್ನ ಹೆಸರು ಬರಕೊಂತಾರೇನು ಅಂತ. ಸೋತ್ರ ಸೋಲ್ಲಿ. ಅಂಥವರ ಎದುರಿಗೆ ಒಂದ್ಸಲ ಕುಂತೆ ಅಂದ್ರ ಸಾಕ್ರಿ."

ಕೇಳಿದೆ. ಎಚ್.ಆರ್. ಮಂಜುನಾಥ್ ಸಾರ್ ಕೆಟ್ಟವರೇನಲ್ಲ, ಆದರೆ ಪಟ್ಟಿಯಲ್ಲಿ ಇಲ್ಲದ ಮನುಷ್ಯ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ.

"ಗಿರಿಜಾ ಅವ್ರೇ, ಅವ್ರು ಏಜೆನ್ಸಿ ಕಡೆಯವ್ರು. ನಮ್ಮ ರೋಲ್‌ನಲ್ಲೇ ಇಲ್ಲ. ಹೆಸ್ರು ಹೇಗೆ ಬರೀಲಿ?"

"ಹನ್ನೆರಡು ವರ್ಷದಿಂದ ಗೇಟಲ್ಲಿ ನಿಮಗೆ ಸಲ್ಯೂಟ್ ಹೊಡೀತಿದಾರಲ್ಲ ಸಾರ್, ಅದು ಯಾವ ರೋಲು?"

"ಅದು ಬೇರೆ, ಇದು ಬೇರೆ."

ಕ್ಯಾಂಟೀನಿನಲ್ಲಿ ಸ್ಪರ್ಧೆ ಇಟ್ಟರು. ಹೆಸರು ಕೊಟ್ಟವರು ಒಂಬತ್ತು ಜನ, ಆಡಲು ಬರುತ್ತಿದ್ದದ್ದು ನಾಲ್ಕು ಜನಕ್ಕೆ. ನಾನು ಗೆದ್ದೆ. ಒಂದು ಮಾತು ಮುಚ್ಚಿಡುವುದಿಲ್ಲ. ಸಂಗಪ್ಪಣ್ಣನ ಹೆಸರು ಬರೆಯಲಿಲ್ಲ ಅಂತ ನನಗೆ ಸಿಟ್ಟು ಬಂದದ್ದೂ ನಿಜ, ಸದ್ಯ ಕುರ್ಚಿ ನನಗೇ ಉಳಿಯಿತು ಅಂತ ಸಮಾಧಾನವಾದದ್ದೂ ನಿಜ. ಗ್ರ್ಯಾಂಡ್‌ಮಾಸ್ಟರ್ ಎದುರಿಗೆ ಕೂರಬೇಕು ಅಂತ ನನಗೇನು ಆಸೆ ಇರಲಿಲ್ಲವೇ?

ಅವನಿಗೆ ಹೇಳಲು ಹೋದೆ. ಅವನು ಹಲಗೆಗೆ ಕಡ್ಲೆಕಾಯಿ ಎಣ್ಣೆ ಸವರಿ ಉಜ್ಜುತ್ತ ಕೂತಿದ್ದ.

"ಇರ್ಲಿ ಬಿಡ್ರಿ ಅಕ್ಕಾರ. ನೀವು ಆಡ್ರಿ, ನಾ ಬಾಜೂಕ ನಿಂತು ನೋಡ್ತೀನಿ. ಇದನ್ನ ಒಯ್ಯೂಣು, ಏನಂತೀರಿ? ಸ್ವಚ್ಛ ಮಾಡೀನಿ."

ಅಲ್ಲಿಂದ ಒಂದು ತಿಂಗಳು ತನ್ನ ಅಪ್ಪನ ಆಟವನ್ನು ಅವನು ಮುಟ್ಟಲಿಲ್ಲ. ದಿನಾ ನನ್ನ ಕಾನೂನೇ. ರಾಜನ ಎದುರು ರಾಜ. ನನಗೆ ಅಭ್ಯಾಸವಾಗಲಿ ಅಂತ ಎದುರಾಳಿಯಾಗಿ ಕೂತು ದಿನಾ ಬಿಳಿ ಕಾಯಿ ಹಿಡಿದ. ನಾನು ಫೋನಿನಲ್ಲಿ ಕಲಿತ ಶುರುವಿನ ನಡೆಗಳನ್ನು ಉರು ಹೊಡೆದೆ, ಅವನ ಮೇಲೆ ಪ್ರಯೋಗಿಸಿದೆ. "ಹಾಂ, ಇದು ಛಲೋ ಐತ್ರಿ," ಅನ್ನುತ್ತಿದ್ದ. ಒಂದು ಸಲವೂ ಮುಖ ಸಣ್ಣ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಭಾನುವಾರ ಬೆಳಗ್ಗೆಯೂ ಮಳೆ. ಸಂಗಪ್ಪಣ್ಣ ಇನ್ನೊಬ್ಬ ಗಾರ್ಡಿಗೆ ಡ್ಯೂಟಿ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಲಗೆಯನ್ನು ಅಕ್ಕಿಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಬಂದ. ಸಂಘದ ಸಭಾಂಗಣದಲ್ಲಿ ಮೇಜುಗಳನ್ನು ಚೌಕವಾಗಿ ಹಾಕಿದ್ದರು. ಎಲ್ಲರದೂ ಹೊಸ ಬೋರ್ಡು, ಹೊಸ ಕಾಯಿ. ಮಂಜುನಾಥ್ ಸಾರ್ ನಮ್ಮ ಪ್ಯಾಕಿಂಗ್ ಹಲಗೆ, ನಟ್ಟುಗಳನ್ನು ನೋಡಿ, "ಕೇಳಿದ್ರೆ ನಾನೇ ಒಂದು ತರಿಸ್ತಿದ್ನಲ್ಲ ಮಾರಾಯ್ತಿ," ಅಂದರು. ನಾನು ಸಹಿ ಹಾಕಲು ಸಾಲಿನಲ್ಲಿ ನಿಂತೆ. ಕಾಯಿ ಜೋಡಿಸುವ ಕೆಲಸ ಸಂಗಪ್ಪಣ್ಣನದು.

ಸಹಿ ಹಾಕಿ ಬಂದು ಕುರ್ಚಿಯಲ್ಲಿ ಕೂತೆ, ಹಲಗೆಯತ್ತ ನೋಡದೆ ಬಾಗಿಲ ಕಡೆ ತಿರುಗಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಗ್ರ್ಯಾಂಡ್‌ಮಾಸ್ಟರ್ ಬಂದರು. ಇಪ್ಪತ್ತೈದಿರಬಹುದು, ಕನ್ನಡಕ, ನಮ್ಮ ಟ್ರೇನಿ ಎಂಜಿನಿಯರುಗಳ ಹಾಗೇ ಬೆನ್ನಿಗೊಂದು ಬ್ಯಾಗು. ಒಂದೊಂದೇ ಬೋರ್ಡಿಗೆ ಬಂದು ಕೈಕುಲುಕಿ ಮೊದಲ ನಡೆ ಆಡಿ ಮುಂದೆ ಹೋಗುತ್ತಿದ್ದರು. ನಮ್ಮ ಬೋರ್ಡಿಗೆ ಬಂದವರು ಕೈ ಚಾಚಿ ಹಾಗೇ ನಿಂತುಬಿಟ್ಟರು. ಆಗ ನಾನು ಬಗ್ಗಿ ನೋಡಿದೆ. ಬಿಳಿ ರಾಜನ ಎದುರಿಗೆ ನನ್ನ ಕರಿ ಮಂತ್ರಿ ನಿಂತಿದ್ದ.

ಒಂದು ತಿಂಗಳು ಸರಿಯಾಗಿ ಇಟ್ಟ ಕೈ, ಇವತ್ತು ಗಾಬರಿಗೆ ಅಪ್ಪ ಕಲಿಸಿದ ಹಾಗೆ ಇಟ್ಟುಬಿಟ್ಟಿತ್ತು. ಆಮೇಲೆ ಒಂದು ದಿನ, ಬೇಕಂತಲೇ ಹಾಗಿಟ್ರಾ ಅಂತ ಕೇಳಿದ್ದೆ. ತಾಯಾಣಿ ಇಲ್ಲ ಅಂದ. ನಾನು ನಂಬಿದ್ದೇನೆ.

ಸಂಘದವರೊಬ್ಬರು ಓಡಿ ಬಂದರು. "ಯಾರ್ರೀ ಇದನ್ನ ಜೋಡ್ಸಿದ್ದು? ರಾಜ ಎಲ್ಲಿ ನಿಲ್ತಾನೆ ಅನ್ನೋದೂ ಗೊತ್ತಿಲ್ದೆ ಬಂದ್ಬಿಡ್ತಾರೆ!" ಅಕ್ಕಪಕ್ಕದವರು ಕಿಸಕ್ ಅಂದರು. ಮಂಜುನಾಥ್ ಸಾರ್ ಕಿವಿ ಕೆಂಪಾಗಿತ್ತು. ಸಂಗಪ್ಪಣ್ಣ, "ತಪ್ಪಾತ್ರಿ, ತಪ್ಪಾತ್ರಿ," ಅನ್ನುತ್ತ ಕಾಯಿಗಳ ಕಡೆ ಕೈ ಚಾಚಿದ.

"ಇರಿ, ಮುಟ್ಬೇಡಿ," ಅಂದರು ಗ್ರ್ಯಾಂಡ್‌ಮಾಸ್ಟರ್. "ನಮ್ಮಜ್ಜಿ ಹೀಗೇ ಇಡ್ತಿದ್ರು. ನಾನು ಮೊದಲು ಕಲಿತಿದ್ದೇ ಹೀಗೆ. ಕಾಲಾಳು ಒಂದೇ ಮನೆ ಅಲ್ವಾ?"

"ಒಂದ ರೀ," ಅಂದ ಸಂಗಪ್ಪಣ್ಣ.

"ರಾಜ ಒಂದ್ಸಲ ಹಾರ್ತಾನೆ?"

"ಚೆಕ್ ಬೀಳೂಕಿಂತ ಮೊದ್ಲ ಅಷ್ಟರಿ."

ಅವರು ಮಕ್ಕಳ ಹಾಗೆ ನಕ್ಕು ನನ್ನ ಕಡೆ ತಿರುಗಿದರು. "ಮೇಡಂ, ಹೀಗೇ ಆಡೋಣ್ವಾ? ಬೇಡ ಅಂದ್ರೆ ಸರಿಮಾಡ್ಕೊಂಡು ಆಡೋಣ. ನಿಮ್ಮಿಷ್ಟ."

ಎರಡು ಕಾಯಿ ಅದಲುಬದಲು ಮಾಡಿದರೆ ಮುಗಿಯಿತು. ಒಂದು ತಿಂಗಳು ಉರು ಹೊಡೆದದ್ದೆಲ್ಲ ನನ್ನ ತಲೆಯಲ್ಲಿತ್ತು. ಕುರ್ಚಿ ನನ್ನದು, ಪಟ್ಟಿಯಲ್ಲಿ ಹೆಸರು ನನ್ನದು. ಸಂಗಪ್ಪಣ್ಣ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಹಲಗೆಯನ್ನೇ ನೋಡುತ್ತಿದ್ದ. ಈ ಆಟ ಅವನಿಗಿಂತ ಚೆನ್ನಾಗಿ ಈ ಕೋಣೆಯಲ್ಲಿ ಯಾರಿಗೂ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಕೂರುವುದು ಹೇಗೆ? ಕ್ವಾಲಿಟಿಯವಳು ನಾನು.

"ಹೀಗೇ ಆಡೋಣ ಸಾರ್," ಅಂದೆ. "ಆದ್ರೆ ಆಡೋದು ನಾನಲ್ಲ, ಇವರು."

ಎದ್ದು ನಿಂತೆ. ಮಂಜುನಾಥ್ ಸಾರ್ ಹಲ್ಲು ಕಚ್ಚಿ, "ಗಿರಿಜಾ! ಲಿಸ್ಟಲ್ಲಿರೋದು ನಿಮ್ಮ ಹೆಸ್ರು!" ಅಂದರು.

"ಹೆಸ್ರು ಅಲ್ಲೇ ಇರ್ಲಿ ಸಾರ್. ಕುರ್ಚಿ ಮಾತ್ರ ಅವರಿಗೆ."

ಸಂಗಪ್ಪಣ್ಣ ಕುರ್ಚಿಯ ತುದಿಯಲ್ಲಿ ಕೂತ, ಯಾವಾಗ ಎಬ್ಬಿಸುತ್ತಾರೋ ಅನ್ನುವ ಹಾಗೆ. ಗ್ರ್ಯಾಂಡ್‌ಮಾಸ್ಟರ್ ಕೈ ಕೊಟ್ಟರು, ಒಂದು ಕಾಲಾಳನ್ನು ಒಂದೇ ಮನೆ ಸರಿಸಿ ಮುಂದಿನ ಬೋರ್ಡಿಗೆ ಹೋದರು.

ನಾಲ್ಕನೇ ಸುತ್ತಿಗೆ ಬರುವಷ್ಟರಲ್ಲಿ ಸಂಗಪ್ಪಣ್ಣನ ಮಂತ್ರಿ ಬೀದಿಗೆ ಬಂದಿದ್ದ. ಅಯ್ಯೋ ದೇವರೇ, ಗ್ರ್ಯಾಂಡ್‌ಮಾಸ್ಟರ್ ಮುಂದೆಯೂ ಅದೇ ಬುದ್ಧಿಯೇ ಅಂತ ನಾನು ಸೆರಗಿನ ತುದಿ ಹಿಂಡಿದೆ. ಅವರು ಮುಗುಳ್ನಕ್ಕು ಕುದುರೆ ಬಿಟ್ಟು ಮಂತ್ರಿಯನ್ನು ಅಟ್ಟಿದರು. ಮುಂದಿನ ಸುತ್ತು ಒಂಟೆ. ಅದರ ಮುಂದಿನ ಸುತ್ತು ಕಾಲಾಳು. ಮಂತ್ರಿ ಮನೆಯಿಂದ ಮನೆಗೆ ಓಡಿದ, ಆದರೆ ಹಿಂದಕ್ಕೆ ಹೋಗಲಿಲ್ಲ. ಓಡುತ್ತ ಓಡುತ್ತ ಅವರ ರಾಜನ ಹತ್ತಿರವೇ ಹೋಗುತ್ತಿದ್ದ. ಕೊನೆಗೆ ರಾಜನ ಪಕ್ಕದಲ್ಲಿ ಕಾವಲಿದ್ದ ಕುದುರೆಯನ್ನು ಮಂತ್ರಿಯಿಂದ ಹೊಡೆದು, "ಚೆಕ್ರಿ," ಅಂದ.

ಮಂತ್ರಿಯನ್ನು ಕಾಯಲು ಹಿಂದೆ ಯಾರೂ ಇರಲಿಲ್ಲ. ಗ್ರ್ಯಾಂಡ್‌ಮಾಸ್ಟರ್ ತಮ್ಮ ರಾಜನಿಂದಲೇ ಅದನ್ನು ತೆಗೆದುಹಾಕಿದರು. ಅವರಿಗೆ ಬೇರೆ ದಾರಿಯೂ ಇರಲಿಲ್ಲ. "ಆಯ್ತು ಬಿಡಿ, ಮುಗೀತು," ಅಂದರು ಮಂಜುನಾಥ್ ಸಾರ್, ಅರ್ಧ ಸಮಾಧಾನದಿಂದ. ನನಗೂ ಅಳು ಬರುವುದೊಂದು ಬಾಕಿ.

ಮುಂದಿನ ಸುತ್ತಿಗೆ ಗ್ರ್ಯಾಂಡ್‌ಮಾಸ್ಟರ್ ಬಂದು ರಾಜನನ್ನು ಎತ್ತಲು ಬೆರಳು ಮುಂದೆ ಮಾಡಿ, ಹಾಗೇ ತಡೆದರು. ಕುದುರೆಯ ಹಾಗೆ ಹಾರಿಸಿ ಸುರಕ್ಷಿತ ಮೂಲೆಗೆ ಒಯ್ಯಬೇಕು ಅಂದುಕೊಂಡಿದ್ದರೆಂದು ಕಾಣುತ್ತದೆ. ಹಾರುವಂತಿಲ್ಲ, ಚೆಕ್ ಬಿದ್ದಾಗಿದೆ. ಆ ಒಂದು ಚೆಕ್ಕಿಗಾಗಿ ಸಂಗಪ್ಪಣ್ಣ ಮಂತ್ರಿಯನ್ನು ಕೊಟ್ಟಿದ್ದ. ಅವರ ರಾಜ ಈಗ ಮನೆ ಬಿಟ್ಟು ಬಯಲಿಗೆ ಬಂದಿದ್ದ, ಮತ್ತೆ ಒಳಗೆ ಹೋಗುವ ದಾರಿಗೆ ಸಂಗಪ್ಪಣ್ಣನ ಆನೆ ಅಡ್ಡ ಬಂದು ನಿಂತಿತ್ತು.

ಅವರೇನು ಸುಮ್ಮನೆ ಬಿಡುವವರೇ! ಇನ್ನೆರಡು ಸುತ್ತಿನಲ್ಲಿ ಸಂಗಪ್ಪಣ್ಣನ ರಾಜನಿಗೆ ಬಲೆ ಹೆಣೆದರು. ನನಗೇ ಕಾಣುತ್ತಿತ್ತು, ಮುಂದಿನ ನಡೆಗೆ ಆಟ ಮುಗಿಯುತ್ತದೆ. ಸಂಗಪ್ಪಣ್ಣ ನಿಧಾನವಾಗಿ ರಾಜನನ್ನು ಎತ್ತಿ, ಎರಡು ಮನೆ ನೆಟ್ಟಗೆ, ಒಂದು ಮನೆ ಅಡ್ಡಕ್ಕೆ ದಾಟಿಸಿ ಇಟ್ಟ. ಅವನ ರಾಜನಿಗೆ ಇನ್ನೂ ಒಂದೂ ಚೆಕ್ ಬಿದ್ದಿರಲಿಲ್ಲ.

"ಅಯ್ಯಯ್ಯೋ, ಮರ್ತೇಬಿಟ್ಟಿದ್ದೆ!" ಅಂತ ಗ್ರ್ಯಾಂಡ್‌ಮಾಸ್ಟರ್ ಹಣೆ ಚಚ್ಚಿಕೊಂಡರು. ಉಳಿದ ಹತ್ತೊಂಬತ್ತು ಬೋರ್ಡಿಗೂ ನಿಂತೇ ಆಡಿದವರು, ಅಲ್ಲೊಂದು ಖಾಲಿ ಕುರ್ಚಿ ಎಳೆದುಕೊಂಡು ಸಂಗಪ್ಪಣ್ಣನ ಎದುರಿಗೆ ಕೂತರು. ಬೇರೆ ಬೋರ್ಡಿನವರೂ ತಮ್ಮ ಆಟ ಬಿಟ್ಟು ಎದ್ದು ಬಂದು ಸುತ್ತ ನಿಂತರು. ಮಳೆಯ ಸದ್ದು ಬಿಟ್ಟರೆ ಕಾಯಿ ಇಡುವ ಸದ್ದು ಅಷ್ಟೇ.

ಸಂಗಪ್ಪಣ್ಣನ ಕುದುರೆ ಈ ಕಡೆಯಿಂದ ಚೆಕ್ ಕೊಟ್ಟಿತು. ರಾಜ ಪಕ್ಕದ ಮನೆಗೆ ಸರಿದ. ಕುದುರೆ ಆ ಕಡೆ ಹಾರಿ ಮತ್ತೆ ಚೆಕ್. ರಾಜ ಮತ್ತೆ ಹಿಂದಿನ ಮನೆಗೆ. ಮೂರು ಸಲ ಹಾಗೇ ಆಯಿತು. ತಪ್ಪಿಸಿಕೊಂಡು ಹೋಗಲು ಆನೆ ಬಿಡುತ್ತಿಲ್ಲ, ಹಿಡಿದು ಮುಗಿಸಲು ಸಂಗಪ್ಪಣ್ಣನ ಹತ್ತಿರ ಮಂತ್ರಿ ಇಲ್ಲ. ಗ್ರ್ಯಾಂಡ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ಸಲ ನೋಡಿ, ಕೈ ಚಾಚಿದರು.

"ಡ್ರಾ ಮಾಡ್ಕೊಳ್ಳೋಣ್ವಾ ಸಾರ್?"

ಸಾರ್! ಸಂಗಪ್ಪಣ್ಣನಿಗೆ ಯಾರಾದರೂ ಸಾರ್ ಅಂದದ್ದು ನಾನು ಕೇಳಿದ್ದು ಅದೇ ಮೊದಲು. ಅವನು ಎರಡೂ ಕೈಯಿಂದ ಆ ಕೈ ಹಿಡಿದುಕೊಂಡ. ಬಿಡುವುದು ಮರೆತುಹೋಯಿತು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ, ಕಣ್ಣಲ್ಲಿ ನೀರು ಬರುತ್ತಿದ್ದರೆ ಒರೆಸಿಕೊಳ್ಳಲೂ ಇಲ್ಲ.

"ಇವರು ಯಾವ ಕಂಪನಿ?" ಅಂತ ಗ್ರ್ಯಾಂಡ್‌ಮಾಸ್ಟರ್ ಸುತ್ತ ನೋಡಿದರು.

ಜನರನ್ನು ಸರಿಸಿಕೊಂಡು ಮಂಜುನಾಥ್ ಸಾರ್ ಮುಂದೆ ಬಂದರು. "ನಮ್ಮವ್ರೇ ಸಾರ್, ನಮ್ಮ ಕಂಪನಿಯವ್ರೇ. ಹನ್ನೆರಡು ವರ್ಷದಿಂದ ಇದಾರೆ." ಅಂದವರು ನನ್ನ ಕಡೆ ನೋಡಿ, ಕಣ್ಣು ಕೂಡಿದ್ದೇ ತಲೆ ತಗ್ಗಿಸಿದರು. ನಾನು ಅಲ್ಲೇ ಏನಾದರೂ ಅಂದುಬಿಡುತ್ತಿದ್ದೆ. ಸಂಗಪ್ಪಣ್ಣನ ಮುಖ ನೋಡಿ ಸುಮ್ಮನಾದೆ.

ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದೆ. "ಹೊಟ್ಟೆ ಉರೀಲಿಲ್ವೇನೇ?" ಅಂತ ಕೇಳಿದರು. ಉರಿಯಿತು ಅಂದೆ. ಇವತ್ತಿಗೂ ಟಿ.ವಿ.ಯಲ್ಲಿ ಆ ಗ್ರ್ಯಾಂಡ್‌ಮಾಸ್ಟರ್ ಹುಡುಗನ ಮುಖ ಬಂದರೆ ಸ್ವಲ್ಪ ಉರಿಯುತ್ತದೆ.

ಸೋಮವಾರ ಮಧ್ಯಾಹ್ನ ಡಬ್ಬಿ ಹಿಡಿದು ಕಾವಲು ಕೋಣೆಗೆ ಹೋದೆ. ನನ್ನ ಸ್ಟೂಲಿನ ಮೇಲೆ ಟ್ರೇನಿ ಎಂಜಿನಿಯರ್ ಒಬ್ಬ ಕೂತಿದ್ದ. ಅವನ ಹಿಂದೆ ಲೇತ್ ಸೆಕ್ಷನ್ನಿನ ಇಬ್ಬರು, ಅವರ ಹಿಂದೆ ಕ್ಯಾಂಟೀನಿನ ಅಡುಗೆಯವರು, ಬಾಗಿಲ ಹೊರಗೆ ಛತ್ರಿ ಹಿಡಿದು ಮಂಜುನಾಥ್ ಸಾರ್. ಸಂಗಪ್ಪಣ್ಣ ಕಾಯಿ ಜೋಡಿಸುತ್ತ, "ರಾಜನ ಎದುರಿಗೆ ಮಂತ್ರಿ ಇಡ್ರಿ," ಅಂತ ಆ ಹುಡುಗನಿಗೆ ಹೇಳಿಕೊಡುತ್ತಿದ್ದ. ನನ್ನನ್ನು ನೋಡಿದ್ದೇ ಗಾಬರಿಯಿಂದ ಎದ್ದುನಿಂತ.

"ಅಕ್ಕಾರ, ಏನ್ ಮಾಡ್ಲಿ, ಎಲ್ಲಾರೂ ಬೆಳಿಗ್ಗೇನ ಬಂದು ಹೆಸರು ಹಚ್ಚ್ಯಾರ್ರಿ!"

"ಪರವಾಗಿಲ್ಲ, ನಂದೂ ಬರ್ಕೊಳ್ಳಿ," ಅಂದು ಗೋಡೆಗೆ ಒರಗಿ ನಿಂತೇ ಊಟ ಮಾಡಿದೆ. ನನ್ನ ಪಾಳಿ ಬಂದದ್ದು ಗುರುವಾರ.